ನಾಳದ ಹೊಟ್ಟೆಯೊಳಗಿನ ತೋಪು

ಹುಮನಾಬಾದ್
೧೧ ಫೆಬ್ರುವರಿ ೧೯೭೯, ರವಿವಾರ

ಪ್ರೀತಿಯ ವಜೀರಾ,

ನಿನಗೂ ನಿನ್ನ ಯಜಮಾನರಿಗೂ ಸಲಾಮು. ಜೈತೂನಳಿಗೆ ಮುದ್ದು. ಈ ಕಾಗದ ಓದಿ ಹೇಳುತ್ತಿರುವವಳು ಅವಳೇ ಎಂದು ನನಗೆ ಗೊತ್ತು. ಜೈತೂನ್, ನಿಮ್ಮ ಅಮ್ಮಿಗೆ ನಿಧಾನವಾಗಿ ಓದಿ ಹೇಳವ್ವ, ಸಾಲು ನುಂಗಬೇಡ. ನಾನು ಶಾಲೆಯಲ್ಲಿ ಪಾಠ ಹೇಳುವ ಬಾಯಿ, ನೀನು ರಾಯಚೂರಿನಲ್ಲಿ ಕೂತು ನುಂಗಿದರೂ ಇಲ್ಲಿ ನನಗೆ ಗೊತ್ತಾಗುತ್ತದೆ.

ಬಕ್ರೀದಿಗೆ ನೀನು ಬರೆಸಿದ ಕಾಗದಕ್ಕೆ ಈಗ ಉತ್ತರ. ಮೂರು ತಿಂಗಳಾಯಿತು. ಬಯ್ಯುವುದಿದ್ದರೆ ಬಯ್ದುಬಿಡು, ತಲೆ ಬಗ್ಗಿಸಿ ಕೇಳುತ್ತೇನೆ. ಇಲ್ಲಿ ಎಲ್ಲ ಕ್ಷೇಮ. ನಮ್ಮವ್ವ ನಾರಾಯಣಪುರ ಬಿಟ್ಟು ಬರುವುದಿಲ್ಲ ಎಂದು ಪಟ್ಟು ಹಿಡಿದಿದ್ದಾಳೆ, ಈ ವಯಸ್ಸಿನಲ್ಲೂ ಕಳೆ ತೆಗೆಯಲು ಹೋಗುತ್ತಾಳೆ. ನಿನ್ನ ದಾದಿ, ನಿಮ್ಮ ಅಬ್ಬಾನ ತಾಯಿ ಹಜಿರಾ ಬೀ ಅವರನ್ನು ಹೋದ ವಾರ ಬಸವಕಲ್ಯಾಣಕ್ಕೆ ಹೋಗಿ ನೋಡಿಕೊಂಡು ಬಂದೆ. ಕೋಟೆ ಪಕ್ಕದ ಅದೇ ಮನೆ, ಅದೇ ಬೇವಿನ ಮರದ ಕೆಳಗೆ ಕೌದಿ ಹೊಲಿಯುತ್ತ ಕೂತಿದ್ದರು. ಕಣ್ಣು ಮಂಜಾಗಿದೆ, ಆದರೂ ಸೂಜಿಗೆ ದಾರ ತಾವೇ ಪೋಣಿಸಿಕೊಳ್ಳಬೇಕು, ಇನ್ನೊಬ್ಬರಿಗೆ ಕೊಡುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ, ಮೂರು ದಿನದಿಂದ ಮೈಯೆಲ್ಲ ಉರಿಯುತ್ತಿದೆ. ಒಂದು ನಿಘಂಟಿನ ಕಚೇರಿಯವರು ನಮ್ಮ ಕಡೆಯ ಮಾತುಗಳನ್ನು ಕಾರ್ಡಿನ ಮೇಲೆ ಬರೆದು ಕಳಿಸಿ ಎಂದು ಶಾಲೆಗಳಿಗೆ ಕೇಳಿದ್ದರು. ಒಂದು ಕಾರ್ಡಿಗೆ ಒಂದೇ ಮಾತು. ಅರ್ಥ, ಅದನ್ನು ಆಡಿದವರ ಹೆಸರು, ಊರು. ನಾನು ನೂರಾ ನಲವತ್ತು ಕಾರ್ಡು ಕಳಿಸಿದೆ. ನೂರಾ ಮೂವತ್ತೊಂಬತ್ತು ಅಲ್ಲೇ ಉಳಿದವು, ಒಂದು ಮಾತ್ರ ತಿರುಗಿ ಬಂತು. ಅದು ನಿಮ್ಮ ಮನೆಯ ಮಾತು. ನಾನು ‘ತೋಪು ಎಂದರೆ ಫಿರಂಗಿಯೊಳಗೆ ಹಾಕುವ ಗುಂಡು’ ಎಂದು ಬರೆದಿದ್ದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಬ್ಬ ಮಹಾಶಯರು ಹೀಗೆ ಬರೆದಿದ್ದಾರೆ: ‘ತಪ್ಪು. ತೋಪು ಎಂದರೆ ಫಿರಂಗಿ. ಕೋಟೆಯ ತುದಿಯ ಮೇಲೆ ಇಡುತ್ತಿದ್ದರಿಂದ ಇಂಗ್ಲಿಷಿನ ಟಾಪ್ ಎಂಬ ಮಾತಿನಿಂದ ಬಂದದ್ದು.’

ತಪ್ಪು ಎಂಬ ಆ ಅಕ್ಷರ ನೋಡಿದೊಡನೆ ನನಗೆ ನಾಲ್ಕನೇ ಇಯತ್ತೆಯ ಆ ಕೋಣೆ ನೆನಪಾಯಿತು. ನಿನಗೂ ನೆನಪಿರಲೇಬೇಕು. ೧೯೫೭. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ಆಗಿರಲಿಲ್ಲ. ಕಲ್ಯಾಣಿ ಹೋಗಿ ಬಸವಕಲ್ಯಾಣ ಆಗಿತ್ತು, ಆದರೆ ಬಾಯಿಗೆ ಇನ್ನೂ ಹಳೇ ಹೆಸರೇ ಬರುತ್ತಿತ್ತು. ನಿಮ್ಮ ಅಬ್ಬಾ ನಿನ್ನನ್ನು ಉರ್ದು ಶಾಲೆಯಿಂದ ಬಿಡಿಸಿ ನಮ್ಮ ಶಾಲೆಗೆ ಕರೆತಂದು, ‘ಇನ್ನ ಮ್ಯಾಲ ಕನ್ನಡಾನೇ ನಡೀತದ, ನನ್ನ ಮಗಳು ಕಲೀಲಿ’ ಎಂದು ಹೇಳಿ ಕೂರಿಸಿ ಹೋಗಿದ್ದರು. ನಮ್ಮಪ್ಪ ಆಗಷ್ಟೇ ಬುದ್ಧನ ದೀಕ್ಷೆ ತೆಗೆದುಕೊಂಡಿದ್ದ. ಮನೆಗೆ ಹೊಸ ಫೋಟೋ ಬಂದಿತ್ತು, ಶಾಲೆಯಲ್ಲಿ ಮಾತ್ರ ನನ್ನ ಜಾಗ ಬಾಗಿಲ ಹತ್ತಿರವೇ. ದಿನಾ ನನ್ನ ತೇಪೆ ಹಾಕಿದ ಲಂಗ ನೋಡಿ ನಗುವವರೇ. ಶಾಲೆಯ ಮಡಕೆ ನಾನು ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ನಿನ್ನ ಜೊತೆ ಓಡಿ ಬಂದರೆ ದಾದಿ ತಮ್ಮ ಹೂಜಿಯನ್ನೇ ನನ್ನ ಕೈಗೆ ಕೊಡುತ್ತಿದ್ದರು.

ತುಂಗಭದ್ರೆಯ ಆಚೆಯಿಂದ ಬಂದಿದ್ದ ಹೊಸ ಮಾಸ್ತರರು ಪುಸ್ತಕದಲ್ಲಿನ ಕೋಟೆಯ ಚಿತ್ರ ತೋರಿಸಿ, ಈ ಉದ್ದನೆಯದು ಏನು ಎಂದು ಕೇಳಿದರು. ನಿನ್ನ ಮುತ್ತಜ್ಜ, ದಾದಿಯ ಮಾವ, ಕೋಟೆಯ ಕೊನೆಯ ತೋಪ್ಚಿ. ಫಿರಂಗಿ ಹಾರಿಸುವುದೇ ನಿಮ್ಮ ಮನೆತನದ ಕೆಲಸ. ನೀನು ಎಲ್ಲರಿಗಿಂತ ಮೊದಲು ಕೈ ಎತ್ತಿ ಹೇಳಿದೆ: ‘ಅದು ನಾಳ ರೀ ಸರ್. ತೋಪ್ ಅದರ ಹೊಟ್ಟಿಯಾಗ ಇರ್ತದ.’ ಮಾಸ್ತರರು, ತೋಪಿನವರ ಮನೆಯ ಹುಡುಗಿಗೇ ತೋಪು ಯಾವುದು ಎಂದು ಗೊತ್ತಿಲ್ಲವಲ್ಲ ಎಂದರು. ಎಲ್ಲೋ ಒಬ್ಬರು ನಕ್ಕರು, ಆಮೇಲೆ ಇಡೀ ವರ್ಗ ನಕ್ಕಿತು. ಅಂದಿನಿಂದ ನಿನ್ನ ಹೆಸರು ನಾಳ. ಎಂಟು ದಿನ ಬಂದೆ, ಒಂಬತ್ತನೇ ದಿನ ಬರಲಿಲ್ಲ. ಆ ಮೇಲೆ ನೀನು ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ.

ಇಪ್ಪತ್ತೆರಡು ವರ್ಷದ ಮೇಲೆ ಅದೇ ಮಾತಿಗೆ ಮತ್ತೆ ಕೆಂಪು ಗೆರೆ ಬಿದ್ದರೆ ನಾನು ಸುಮ್ಮನಿರುವವಳಲ್ಲ. ಈ ಮಾತು ನಿನ್ನ ದಾದಿಯ ಹೆಸರಿನೊಂದಿಗೆ ಆ ಪುಸ್ತಕದಲ್ಲಿ ಅಚ್ಚಾಗಬೇಕು. ಆಗುವ ತನಕ ಬಿಡುವುದಿಲ್ಲ. ಕಚೇರಿಗೆ ಖಾರವಾಗಿಯೇ ಒಂದು ಕಾಗದ ಬರೆದು ಹಾಕಿದ್ದೇನೆ.

ಮಗಳಿಗೆ ಆಶೀರ್ವಾದ.

ನಿನ್ನ
ಕಮಳಾ


ಹುಮನಾಬಾದ್
೨೭ ಮೇ ೧೯೭೯

ಪ್ರೀತಿಯ ವಜೀರಾ,

ನಿನ್ನ ನಾಲ್ಕು ಸಾಲು ಬಂದವು. ‘ಹಳೇ ಮಾತು, ಬಿಟ್ಟುಬಿಡು’ ಎಂದು ಬರೆಸಿದ್ದೀಯ. ಬಿಡಲಿಲ್ಲ, ಕ್ಷಮಿಸು. ತಡ ಮಾಡಿದ್ದಕ್ಕೂ ಕ್ಷಮಿಸು, ಆದರೆ ಈ ಸಲ ತಡಕ್ಕೆ ಕಾರಣ ಇದೆ. ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ತಾಳ್ಮೆ ಇರುವುದಿಲ್ಲ: ಗೆದ್ದೆವು.

ನನ್ನ ಖಾರದ ಕಾಗದಕ್ಕೆ ಕಚೇರಿಯ ಸಿದ್ದಪ್ಪ ಎಂಬವರು ಸಮಾಧಾನವಾಗಿಯೇ ಉತ್ತರ ಬರೆದಿದ್ದರು. ನಿಮ್ಮ ಸಿಟ್ಟು ಆಧಾರ ಆಗುವುದಿಲ್ಲ, ಆಧಾರ ಕಳಿಸಿ ಎಂದು. ಮಾತು ಸರಿಯೇ. ಆದ್ದರಿಂದ ಇಲ್ಲಿನ ಅಬ್ದುಲ್ ರಜಾಕ್ ಮುನ್ಶಿಯವರ ಮನೆಗೆ ಹೋದೆ. ನಿಜಾಮರ ಕಾಲದಲ್ಲಿ ಫಾರ್ಸಿ ಕಲಿಸುತ್ತಿದ್ದವರು, ಈಗ ಅವರ ಹತ್ತಿರ ಕಲಿಯುವವರು ಯಾರೂ ಇಲ್ಲ, ಪುಸ್ತಕಗಳು ಮಾತ್ರ ಇವೆ. ನಾನು ಬಂದ ಕಾರಣ ಹೇಳಿದೊಡನೆ ಎದ್ದು ಪೆಟ್ಟಿಗೆ ತೆಗೆದರು. ಹೈದರಾಬಾದಿನ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡಿದ್ದ ತುರ್ಕಿ ನಿಘಂಟು. ಅರ್ಧ ಗೆದ್ದಲು ತಿಂದಿದೆ, ನಮ್ಮ ಪುಣ್ಯಕ್ಕೆ ಆ ಪುಟ ಉಳಿದಿದೆ.

ತುರ್ಕರಲ್ಲಿ ತೋಪ್ ಎಂದರೆ ಮೊದಲು ಗುಂಡಗಿರುವುದು. ಚೆಂಡು. ಅವರ ಮಕ್ಕಳು ಆಡುವುದೂ ತೋಪ್. ಚದುರಿದ್ದನ್ನೆಲ್ಲ ಒಂದು ಗುಡ್ಡೆ ಮಾಡುವುದಕ್ಕೂ ಅದೇ ಬೇರಿನ ಮಾತು. ಮುನ್ಶಿಯವರು ತಮ್ಮ ಹಿಮ್ಮಡಿ ಮುಟ್ಟಿ ತೋರಿಸಿದರು, ಅದು ತೋಪೂಕ್, ಗುಂಡಗಿದೆಯಲ್ಲ ಅದಕ್ಕೆ. ಬಾರೂದು, ಅಂದರೆ ಸಿಡಿಮದ್ದು, ಬಂದ ಮೇಲೆ ಹಾರಿಸುವ ಗುಂಡಿಗೂ ತೋಪ್ ಎಂದರು. ಕಡೆಗೆ ಅದನ್ನು ಉಗುಳುವ ಫಿರಂಗಿಗೇ ಆ ಹೆಸರು ಅಂಟಿತು. ಹೊಟ್ಟೆಯೊಳಗಿನದರ ಹೆಸರು ಹೊಟ್ಟೆಗೆ ಬಂತು. ನೋಡು ವಜೀರಾ, ಲೋಕವೆಲ್ಲ ಎರಡನೇ ಅರ್ಥ ಹಿಡಿದುಕೊಂಡಿದೆ, ನಿಮ್ಮ ಮನೆಯವರು ಮೊದಲನೆಯದನ್ನು ಬಿಟ್ಟುಕೊಟ್ಟಿರಲಿಲ್ಲ.

ಇನ್ನು ಕೆಂಪು ಶಾಯಿಯ ಟಾಪ್ ಉಳಿಯಿತು. ಅದಕ್ಕೆ ಗುಲಬರ್ಗಾದ ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. ಎರಡು ಕೈಯಲ್ಲಿ ಎತ್ತಬೇಕಾದಂಥ ಇಂಗ್ಲಿಷ್ ನಿಘಂಟನ್ನು ಮೇಜಿನ ಮೇಲೆ ಇಟ್ಟುಕೊಟ್ಟರು. ನಿಂತುಕೊಂಡೇ ಓದಿದೆ. ಇಂಗ್ಲಿಷಿನವರ ಟಾಪ್ ಬೇರೆ ತಾಯಿಯ ಮಗು. ಇಂಗ್ಲಿಷರು, ಜರ್ಮನರು, ಡಚ್ಚರು, ಇವರ ಹಿರಿಯರೆಲ್ಲ ಒಂದೇ ಮನೆಯಲ್ಲಿದ್ದಾಗ ಅದರ ಅರ್ಥ ಜುಟ್ಟು, ತಲೆಯ ಮೇಲಿನ ಕೂದಲ ಗೊಂಚಲು. ಜುಟ್ಟು ಮೇಲೆ ಇರುತ್ತದಲ್ಲ, ಅದಕ್ಕೆ ತುದಿ, ಶಿಖರ ಎಂದಾಯಿತು. ಜರ್ಮನರಲ್ಲಿ ಅದೇ ಮಾತು ಸ್ವಲ್ಪ ನಾಲಿಗೆ ಹೊರಳಿ ತ್ಸೋಪ್ಫ್ ಆಗಿದೆ. ಅದರ ಅರ್ಥ ಏನು ಗೊತ್ತೆ? ಹೆಣ್ಣುಮಕ್ಕಳ ಜಡೆ. ನಾನು ಗ್ರಂಥಾಲಯ ಎಂಬುದನ್ನೂ ಮರೆತು ನಕ್ಕುಬಿಟ್ಟೆ. ನಿನ್ನ ಮೊಳಕಾಲುದ್ದದ ಜಡೆಗೆ ನಾನು ದಿನಾ ರಿಬ್ಬನ್ ಕಟ್ಟುತ್ತಿದ್ದೆನಲ್ಲ. ಅಲ್ಲಿ ಜಡೆ, ಇಲ್ಲಿ ಚೆಂಡು. ದನಿ ಹತ್ತಿರ ಬಂದ ಮಾತ್ರಕ್ಕೆ ಅವು ನೆಂಟರಲ್ಲ. ನಮ್ಮ ಮಾವಿನ ತೋಪು ಇವೆರಡಕ್ಕೂ ಸಂಬಂಧವೇ ಇಲ್ಲದ್ದು, ಅದು ನಮ್ಮ ನೆಲದ್ದೇ.

ಎಲ್ಲ ಬರೆದು ಕಳಿಸಿದೆ. ಸಿದ್ದಪ್ಪನವರು ಟಾಪ್ ಮಾತನ್ನು ಬಿಟ್ಟುಕೊಟ್ಟರು, ಆದರೆ ಗುಂಡಿಗೆ ಒಪ್ಪಲಿಲ್ಲ. ತುರ್ಕಿಯಲ್ಲಿ ಇದ್ದರೆ ಇರಲಿ, ನಮ್ಮ ಜನರ ಬಾಯಲ್ಲಿ ಇದೆಯೆ, ಅದನ್ನು ನಾನು ಕಿವಿಯಾರೆ ಕೇಳಬೇಕು ಎಂದು ತಾವೇ ಬಸ್ಸು ಹತ್ತಿ ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಕಾರ್ಡಿನ ಚೀಲ. ಅವರ ಕೆಲಸದ ರೀತಿಯೇ ಬೇರೆ. ಓದುಬರಹ ಇಲ್ಲದ ಮೂರು ಜನ, ಮೂರು ಬೇರೆ ಮನೆ, ಅವರಾಗಿಯೇ ಆ ಮಾತು ಆಡಬೇಕು. ನಾವು ಆ ಮಾತನ್ನು ಬಾಯಿಯಲ್ಲಿ ತರುವಂತಿಲ್ಲ. ‘ಕೇಳಬ್ಯಾಡ್ರಿ ಬಾಯಾರ. ಕೇಳಿದ್ರ ನಮ್ಮ ಸಲುವಾಗಿ ಹ್ಞೂಂ ಅಂತಾರ. ವಸ್ತು ಮುಂದ ಇಡ್ರಿ, ಸುಮ್ಮ ಕೂಡ್ರಿ’ ಎಂದರು.

ಮೊದಲನೆಯದು ಮಾಣಿಕನಗರದಲ್ಲಿ ಬಹಳ ಸಲೀಸಾಗಿ ಸಿಕ್ಕಿತು. ಮಠದ ಹತ್ತಿರ ಚುರುಮುರಿ ಉಂಡೆ ಮಾರುವ ಯಶೋದಾಬಾಯಿಯ ಮುಂದೆ ಹೋಗಿ ನಿಂತೆವು ಅಷ್ಟೇ. ಸಣ್ಣ ಉಂಡಿ ಕೊಡಲೋ ದೊಡ್ಡ ತೋಪ್ ಕೊಡಲೋ ಎಂದು ಅವಳೇ ಕೇಳಿದಳು. ಸಿದ್ದಪ್ಪನವರು ಚೀಲದಿಂದ ಕಾರ್ಡು ತೆಗೆದರು, ನಾಲ್ಕು ದೊಡ್ಡವನ್ನೇ ಕೊಂಡರು.

ಎರಡನೆಯದಕ್ಕೆ ನಾರಾಯಣಪುರಕ್ಕೆ ನಮ್ಮ ಮನೆಗೇ ಕರೆದುಕೊಂಡು ಹೋದೆ. ಅವರು ಹೊಸ್ತಿಲು ದಾಟಿ ಬಂದು ಚಾಪೆಯ ಮೇಲೆ ಕೂತು, ತಾವೇ ನೀರು ಕೇಳಿ ಕುಡಿದರು. ಅವ್ವನಿಗೆ ಅದೇ ಸಾಕಾಯಿತು, ಅವರಿಗಾಗಿ ಅಡುಗೆಗೆ ಕೂತಳು. ಉಪ್ಪು ಜಜ್ಜಲು, ಮೂಲೆಯಲ್ಲಿದ್ದ ಗುಂಡುಕಲ್ಲನ್ನು ಕೊಡು ಎನ್ನುತ್ತ ‘ಆ ಕಲ್ತೋಪ್ ಇತ್ತಾಗ ಉಳ್ಳಸ’ ಎಂದಳು. ಅವರು ಬರೆದುಕೊಂಡರು. ನಾನು ಕಲ್ಲು ಉರುಳಿಸಿದೆ, ತಲೆ ಎತ್ತಲಿಲ್ಲ.

ಉಳಿದದ್ದು ನಿನ್ನ ದಾದಿ. ನನಗೆ ಅವರದೇ ದೊಡ್ಡ ಧೈರ್ಯ ಇತ್ತು. ಅಂಗಳದ ಬಾಗಿಲಿಗೆ ಒತ್ತಾಗಿ ಇಟ್ಟಿರುವ ಆ ಹಳೇ ಕಲ್ಲಿನ ಗುಂಡು ನಿನಗೆ ನೆನಪಿದೆಯಲ್ಲ. ಸಿದ್ದಪ್ಪನವರು ಅದರ ಹತ್ತಿರ ಕೂತು ಸುಮ್ಮನೆ ಕೈಯಾಡಿಸಿದರು. ದಾದಿ ಚಹಾ ಕೊಟ್ಟರು, ಅವರ ಕೈಯಲ್ಲಿನ ಪೆನ್ನು ನೋಡಿದರು. ಸೆರಗು ಸರಿಮಾಡಿಕೊಂಡು ಮೆಲ್ಲಗೆ, ‘ಅದು ಗುಂಡು ಅದ ರೀ ಸಾಹೇಬ್ರ. ಶುದ್ಧ ಕನ್ನಡದಾಗ ಗುಂಡು ಅಂತಾರ’ ಎಂದರು.

ವರ್ಗವೆಲ್ಲ ನಿನ್ನನ್ನು ನೋಡಿ ನಕ್ಕ ದಿನದಿಂದ ಆ ಮುದುಕಿ, ಪೆನ್ನು ಹಿಡಿದು ಬಂದವರ ಮುಂದೆ ತನ್ನ ಮಾತನ್ನು ಬಚ್ಚಿಟ್ಟುಕೊಂಡಿದ್ದಾರೆ. ಮೊಮ್ಮಗಳಿಗಾದದ್ದು ತನಗೂ ಆಗದಿರಲಿ ಎಂದು ಶಾಲೆಯವರ ಮಾತು ಕಲಿತು ಇಟ್ಟುಕೊಂಡಿದ್ದಾರೆ. ಸಿದ್ದಪ್ಪನವರು ಪೆನ್ನಿಗೆ ಕ್ಯಾಪು ಹಾಕಿದರು. ನನಗೆ ಅಳು ಬಂತು, ಅದಕ್ಕಿಂತ ಸಿಟ್ಟು ಹೆಚ್ಚಾಗಿ ಬಂತು.

ಬಾಯಿ ಬಿಡುವಂತಿಲ್ಲ, ಅದು ಅವರ ನಿಯಮ. ಕೈ ಆಡಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಕೌದಿಯ ಪಕ್ಕ ಬಿದ್ದಿದ್ದ ಚಿಂದಿಗಳನ್ನು ಆರಿಸಿಕೊಂಡೆ. ಚಿಕ್ಕವರಿದ್ದಾಗ ನಾವಿಬ್ಬರೂ ಚೆಂಡು ಮಾಡುತ್ತಿದ್ದಂತೆಯೇ ಒಂದರ ಮೇಲೊಂದು ಸುತ್ತಿ, ಬಿಗಿದು, ದಾರದಿಂದ ಗಂಟು ಹಾಕಿದೆ. ಎದ್ದು ಹೋಗಿ ಬೇವಿನ ಮರದ ಆಚೆ, ನಿನ್ನ ಎದುರು ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಮೂವತ್ತೆರಡು ವರ್ಷದ ಹೆಂಗಸು, ಶಾಲೆಯ ಬಾಯಿ, ಸೆರಗು ಸಿಕ್ಕಿಸಿಕೊಂಡು ಅಲ್ಲಿಂದ ದಾದಿಯ ಮಡಿಲಿಗೆ ಒಗೆದೆ.

ಆ ಮಂಜುಗಣ್ಣಿನ ಮುದುಕಿ ಸೂಜಿ ಬಿಟ್ಟು ಎರಡೂ ಕೈಯಿಂದ ಅದನ್ನು ಹಿಡಿದುಬಿಟ್ಟರು. ‘ಏ ಕಮಳಿ, ತೋಪ್ ಹಿಂಗ ಒಗೀತಾರೇನ? ಮೆಲ್ಲಕ ಒಗಿ, ಚಾ ಚೆಲ್ತದ’ ಎಂದು ಗದರಿದರು.

ಆಮೇಲೆ ಎಚ್ಚರಾಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ಸಿದ್ದಪ್ಪನವರನ್ನು ನೋಡಿದರು. ಅವರು ನಗಲಿಲ್ಲ. ಕ್ಯಾಪು ತೆಗೆದು ಬರೆಯುತ್ತಿದ್ದರು. ಬರೆದು ಮುಗಿಸಿ, ನಿಮ್ಮ ಮಾವನವರ ಕೆಲಸ ಹೇಗಿತ್ತು ಎಂದು ಕೇಳಿದರು. ದಾದಿ ಅರ್ಧ ತಾಸು ಮಾತಾಡಿದರು. ನಾಳ ತೊಳೆಯುವುದು, ಬಾರೂದು ಹಾಕಿ ಅರಿವೆ ತುರುಕುವುದು, ಉಪವಾಸ ಬಿಡುವ ಹೊತ್ತಿಗೆ ಊರೆಲ್ಲ ಆ ಸದ್ದಿಗೆ ಕಾಯುವುದು. ನಡುವೆ ಒಂದು ಮಾತು ಅಂದರು: ‘ರಂಜಾನಿಗಿ ಬರೇ ಬಾರೂದ, ತೋಪ್ ಹಾಕ್ತಿರಲಿಲ್ಲ. ಹಾಕಿದ್ರ ಯಾರ ಮನಿ ಮ್ಯಾಲ ಬೀಳ್ತಿತ್ತು?’

ಸಿದ್ದಪ್ಪನವರು ಅದನ್ನು ಬರೆದು ಎರಡು ಸಲ ಅಡಿಗೆರೆ ಎಳೆದರು. ಈ ಸಾಲಿಗೆ ಬೇರೆ ಅರ್ಥ ಮಾಡಲು ಯಾರಿಂದಲೂ ಆಗುವುದಿಲ್ಲ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ಮುಂಚೆ ನನ್ನ ಕಡೆ ತಿರುಗಿ, ‘ಬಾಯಾರ, ಆ ಕೆಂಪ ಶಾಯಿಲೆ ಬರದಾಂವ ನಾನ ರೀ. ಅಳಸಾಂವನೂ ನಾನ’ ಎಂದರು. ನನ್ನ ಹೊಟ್ಟೆ ತಣ್ಣಗಾಯಿತು. ಮನೆಗೆ ಬಂದು ಎರಡು ದಿನ ಮಲಗಿಬಿಟ್ಟೆ, ಬಿಸಿಲು ಅಷ್ಟು ತಾಗಿತ್ತು.

ರಂಜಾನಿಗೆ ದಾದಿಯನ್ನು ನೋಡಲು ಬರುತ್ತೇನೆಂದು ಬರೆಸಿದ್ದೀಯ. ಬಾ. ನನಗೆ ಆಗ ಶಾಲೆಯ ಕೆಲಸ ಬೀಳಬಹುದು, ನೋಡೋಣ.

ನಿನ್ನ
ಕಮಳಾ


ಬಸವಕಲ್ಯಾಣ
೧೪ ಡಿಸೆಂಬರ್ ೧೯೮೨

ಪ್ರೀತಿಯ ವಜೀರಾ,

ಸಲಾಮು, ಸಾವಿರ ಸಲಾಮು. ಪುಸ್ತಕ ಬಂತು. ತಡವಾಗಿ ಬರೆಯುತ್ತಿದ್ದೇನೆ ಎಂದು ಬಯ್ಯಬೇಡ, ಅಚ್ಚಿನವರು ಮೂರು ವರ್ಷ ತಡ ಮಾಡಿದರು, ನಾನು ಬರೀ ನಾಲ್ಕು ದಿನ. ಮೇಲಿನ ಊರಿನ ಹೆಸರು ನೋಡಿದೆಯಾ? ಜೂನಿನಲ್ಲಿ ವರ್ಗವಾಗಿ ನಮ್ಮ ಶಾಲೆಗೇ ಬಂದಿದ್ದೇನೆ. ನಾಲ್ಕನೇ ಇಯತ್ತೆ ನನ್ನದೇ. ಅದೇ ಕೋಣೆ, ಹಂಚು ಮಾತ್ರ ಹೊಸದು. ನೀರಿನ ಮಡಕೆ ಬಾಗಿಲ ಹತ್ತಿರ ಇಟ್ಟಿದ್ದೇನೆ, ಯಾರು ಬೇಕಾದರೂ ಲೋಟ ಮುಳುಗಿಸಿ ಕುಡಿಯಬಹುದು.

ಅಚ್ಚಾದದ್ದನ್ನು ಇದ್ದ ಹಾಗೇ ನಕಲು ಮಾಡುತ್ತಿದ್ದೇನೆ, ಜೈತೂನ್, ಗಟ್ಟಿಯಾಗಿ ಓದು:

‘ತೋಪು: ೧. ಗುಂಡಗಿರುವ ವಸ್ತು, ಚೆಂಡು, ಉಂಡೆ, ಫಿರಂಗಿಯ ಗುಂಡು. ಬೀದರ ಜಿಲ್ಲೆ. ೨. ಆ ಗುಂಡನ್ನು ಹಾರಿಸುವ ಫಿರಂಗಿ. ತುರ್ಕಿಯ ತೋಪ್‌ನಿಂದ. ಇಂಗ್ಲಿಷಿನ ಟಾಪ್ ಬೇರೆ ಮೂಲದ್ದು. ಪ್ರಯೋಗ: ರಂಜಾನಿಗಿ ಬರೇ ಬಾರೂದ, ತೋಪ್ ಹಾಕ್ತಿರಲಿಲ್ಲ. ಹಜಿರಾ ಬೀ, ಬಸವಕಲ್ಯಾಣ.’

ನಿನ್ನ ಅರ್ಥ ಒಂದನೇ ನಂಬರಿನಲ್ಲಿ ಇದೆ, ಮಾಸ್ತರರ ಅರ್ಥ ಎರಡನೆಯದರಲ್ಲಿ. ಯಶೋದಾಬಾಯಿ, ನಮ್ಮವ್ವ ಗಿರಿಜಾಬಾಯಿ, ಇಬ್ಬರ ಹೆಸರೂ ಪುಸ್ತಕದ ಹಿಂದಿನ ಪಟ್ಟಿಯಲ್ಲಿವೆ. ಅವ್ವ ಹೊಲಕ್ಕೆ ಹೋಗುವವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಮೊನ್ನೆ ಶನಿವಾರ ದಾದಿಯನ್ನು ರಿಕ್ಷಾದಲ್ಲಿ ಶಾಲೆಗೆ ಕರೆತಂದೆ. ಬರಲು ಒಪ್ಪಿರಲಿಲ್ಲ. ಶಾಲೆ ನಮಗೆ ಆಗಿಬರುವುದಿಲ್ಲ ಎಂದರು. ಎತ್ತಿಕೊಂಡು ಹೋಗುತ್ತೇನೆ ಎಂದ ಮೇಲೆ ಎದ್ದರು. ನನ್ನ ಕುರ್ಚಿಯಲ್ಲಿ ಕೂರಿಸಿ, ನಲವತ್ತೆರಡು ಮಕ್ಕಳ ಮುಂದೆ ಆ ಪುಟ ಓದಿದೆ. ಮುಗಿಸಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, ನಮ್ಮ ಅಜ್ಜಿಯೂ ತೋಪ್ ಎನ್ನುತ್ತಾಳೆ, ಅದೂ ಪುಸ್ತಕದಲ್ಲಿ ಬರುತ್ತದೆಯೇ ಎಂದು ಕೇಳಿದಳು. ದಾದಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಇದರಾಗ ನನ್ನ ಹೆಸರ ಎಲ್ಲದ, ಬೆರಳ ಇಡವಾ’ ಎಂದರು. ಅವರ ಬೆರಳು ಹಿಡಿದು ಇಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮನೆಯಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಚಿಂದಿಯ ತೋಪನ್ನು ತೆಗೆದು ಮಕ್ಕಳ ನಡುವೆ ಒಗೆದರು. ವರ್ಗ ಅಂದು ನಡೆಯಲಿಲ್ಲ ಬಿಡು.

ಪುಸ್ತಕದ ಒಂದು ಪ್ರತಿಯನ್ನು ನಿನಗೆ ರಿಜಿಸ್ಟರ್ ಮಾಡಿದ್ದೇನೆ. ಜೈತೂನ್ ಮೆಟ್ರಿಕ್ ಪರೀಕ್ಷೆಗೆ ಕಟ್ಟಿದ್ದಾಳೆಂದು ಕೇಳಿ ಸಂತೋಷವಾಯಿತು. ಚೆನ್ನಾಗಿ ಓದು ಮಗಳೇ, ಯಾರು ನಕ್ಕರೂ ಕೂತ ಜಾಗ ಬಿಟ್ಟು ಏಳಬೇಡ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ, ನಿಮ್ಮ ಮನೆಯ ಮಾತು ಮನೆಯಲ್ಲಿ ಗಟ್ಟಿಯಾಗಿ ಕೇಳುತ್ತಿರಲಿ.

ನಿನ್ನ ಗೆಳತಿ
ಕಮಳಾ

ತಾ.ಕ.: ಜೈತೂನ್, ಇಲ್ಲಿಗೆ ಓದುವುದನ್ನು ನಿಲ್ಲಿಸಿ ಕಾಗದವನ್ನು ಅಮ್ಮಿಯ ಕೈಗೆ ಕೊಡು. ವಜೀರಾ, ಮುಂದಿನದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನಾಲ್ಕನೇ ಇಯತ್ತೆಯ ತನಕ ಕಲಿತದ್ದು ಇದಕ್ಕೆ ಸಾಕು. ನೀನೇ ಓದು.

ಅವತ್ತು ವರ್ಗದಲ್ಲಿ ಮೊದಲು ನಕ್ಕವಳು ನಾನು.

ನೀನು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಕಲ್ತೋಪ್ ಇತ್ತು. ಆದರೂ ನಕ್ಕೆ. ದಿನಾ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು. ಅವತ್ತು ಒಂದು ದಿನ ನಿನ್ನನ್ನು ನೋಡಿ ನಕ್ಕರು. ನನಗೆ ಹಗುರಾಯಿತು. ಮಧ್ಯಾಹ್ನ ಬಂದು ನಿಮ್ಮ ಹೂಜಿಯಲ್ಲೇ ನೀರು ಕುಡಿದೆ.

ನೀನು ಊರಿಗೆ ಬಂದಾಗಲೆಲ್ಲ ನನಗೆ ಹುಮನಾಬಾದಿನಲ್ಲಿ ಕೆಲಸ ಬೀಳುತ್ತಿತ್ತಲ್ಲ, ಯಾವ ಕೆಲಸವೂ ಇರಲಿಲ್ಲ. ಬೇಸಿಗೆಗೆ ಬಾ. ಈ ಸಲ ನಾನು ಬೇವಿನ ಮರದ ಆಚೆ ನಿಂತಿರುತ್ತೇನೆ. ನೀನು ಒಗೆ. ಜೋರಾಗಿ ಬೇಕಾದರೂ ಒಗೆ.